ಯುದ್ಧದ ಹೊತ್ತಲ್ಲಿ ಸಿಟ್ಟಾಗಿ ಊರಿಗೆ ಓಡಿಬಂದ ಸೈನಿಕನಿಗೆ ಏನು ಶಿಕ್ಷೆ?

ಮೇಲಧಿಕಾರಿ ಮೇಲಿನ ಸಿಟ್ಟಿಗೆ ಒಬ್ಬ ಗಡಿ ಬಿಟ್ಟು ಉಡುಪಿಗೆ ಬಂದು ಕೂತ ಅಂತಿಟ್ಟುಕೊಳ್ಳಿ. 1950ರ ಸೇನಾ ಕಾಯ್ದೆಯ 38ನೇ ಕಲಂ ಪ್ರಕಾರ ಮರಣದಂಡನೆವರೆಗೂ ಹೋಗಬಹುದು. ಶಾಂತಿಕಾಲದಲ್ಲಾದರೆ ಗರಿಷ್ಠ 7 ವರ್ಷ ಜೈಲು.

ಸುಮ್ನೆ ರಜೆ ಮುಗಿದರೂ ಉಳಿದುಕೊಂಡರೆ ಅದು ಬೇರೆ, 39ನೇ ಕಲಂ, 3 ವರ್ಷದವರೆಗೆ. ವ್ಯತ್ಯಾಸ ಇರುವುದು ವಾಪಸ್ ಹೋಗುವ ಮನಸ್ಸು ಇತ್ತಾ ಇಲ್ವಾ ಎನ್ನುವುದರಲ್ಲಿ. ಟ್ರಂಕು ಅಟ್ಟ ಸೇರಿದೆ, ಯೂನಿಫಾರ್ಮ್ ಬಚ್ಚಲೊಲೆಗೆ ಹೋಗಿದೆ, ಆಸಾಮಿ ಮಲ್ಪೆಯಲ್ಲಿ ಬೋಟು ಹತ್ತಿದ್ದಾನೆ ಅಂದರೆ ಇನ್ನೇನು ವಾದ ಮಾಡೋದು!

30 ದಿನ ಕಳೆದರೆ ಸೇನೆಯೊಳಗೇ ವಿಚಾರಣೆ ನಡೆಯುತ್ತದೆ. ಪೊಲೀಸರು ವಾರಂಟ್ ಇಲ್ಲದೆಯೂ ಹಿಡಿಯಬಹುದು.

ಸಿಟ್ಟು ಹೇಳಿಕೊಳ್ಳಲು ದಾರಿ ಇಲ್ಲ ಅಂತಲ್ಲ. 26ನೇ ಕಲಂ ಇರುವುದೇ ಅದಕ್ಕೆ. ದೂರು ಕೇಳಬೇಕಾದ ಅಧಿಕಾರಿಯ ಮೇಲೇ ದೂರಿದ್ದರೆ, ಅವರ ಮೇಲಿನವರಿಗೆ ಕೊಡಬಹುದು.