ಮೇಷ್ಟ್ರೇ, ಆ ಒಡವೆ ಮನೆಯಲ್ಲೇ ಇರಲಿ

(ತಿಪಟೂರು ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕರೊಬ್ಬರ ಪತ್ರದ ಸಾರ: ಮಗಳು ಮೊದಲ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಜುಲೈನಲ್ಲಿ ನಡೆಯುವ ಎರಡು ವಾರದ ಜೀವವಿಜ್ಞಾನ ಶಿಬಿರಕ್ಕೆ 'ಆಯ್ಕೆ'ಯಾಗಿರುವುದಾಗಿ ಮೇಲ್ ಬಂದಿದೆ. ಶುಲ್ಕ 5,200 ಡಾಲರ್. ವಿಮಾನ, ವೀಸಾ, ವಿಮೆ ಸೇರಿದರೆ ಆರು ಲಕ್ಷ ದಾಟುತ್ತದೆ. ಹೆಂಡತಿಯ ಒಡವೆ ಅಡವಿಟ್ಟು ಕಳಿಸಬಹುದೇ? ಊರಿಗೆಲ್ಲ ಹೇಳಿಬಿಟ್ಟಿದ್ದೇವೆ, ಈಗ ಬೇಡ ಎಂದರೆ ಮಗಳು ಕುಗ್ಗುತ್ತಾಳೆ.)

ಮೇಷ್ಟ್ರೇ, ನಮಸ್ಕಾರ.

ಕಳಿಸಬೇಡಿ. ಒಡವೆ ಅಡವಿಟ್ಟಂತೂ ಖಂಡಿತ ಬೇಡ. ಇದೇ ಬಗೆಯ ಮೇಲ್ ಬಂದಿದೆ ಎಂದು ಈ ವರ್ಷ ಇನ್ನೂ ಮೂವರು ಪೋಷಕರು ಬರೆದಿದ್ದಾರೆ. ಅವರಿಗೂ ಸೇರಿಸಿ ಕಾರಣ ಹೇಳುತ್ತೇನೆ.

ಮೇಲ್‌ನ ಪ್ರತಿ ಲಗತ್ತಿಸಿದ್ದು ಒಳ್ಳೆಯದಾಯಿತು. 'ಆಯ್ಕೆ' ಎಂಬ ಮಾತು ಅದರಲ್ಲಿ ನಾಲ್ಕು ಸಲ ಇದೆ. ಏನನ್ನು ನೋಡಿ ಆರಿಸಿದರು ಎಂಬುದು ಮಾತ್ರ ಒಂದು ಸಲವೂ ಇಲ್ಲ. ಮಗಳು ತುಂಬಿದ್ದು ಹೆಸರು, ತರಗತಿ, ಅಂಕ, ಇಷ್ಟದ ವಿಷಯ. ಪ್ರಬಂಧ ಬರೆಸಿಲ್ಲ, ಪ್ರಶ್ನೆ ಕೊಟ್ಟು ಯೋಚಿಸಲು ಬಿಟ್ಟಿಲ್ಲ, ಅವಳ ಉಪನ್ಯಾಸಕರಿಂದ ಶಿಫಾರಸು ಕೇಳಿಲ್ಲ. ಹತ್ತು ದಿನದೊಳಗೆ ಮುಂಗಡ ಕಟ್ಟಬೇಕು ಎಂಬ ಸಾಲು ದಪ್ಪ ಅಕ್ಷರದಲ್ಲಿದೆ. ಶಿಬಿರಕ್ಕೂ ವಿಶ್ವವಿದ್ಯಾಲಯಕ್ಕೂ ಸಂಬಂಧವಿಲ್ಲ ಎಂಬ ಸಾಲು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿದೆ. ಬೇಸಿಗೆಯಲ್ಲಿ ಅಲ್ಲಿನ ಹಾಸ್ಟೆಲ್, ಪಾಠದ ಕೋಣೆಗಳು ಖಾಲಿಯಿರುತ್ತವೆ. ಹೊರಗಿನ ಕಂಪನಿಗಳು ಅವನ್ನು ಬಾಡಿಗೆಗೆ ಪಡೆದು ಶಿಬಿರ ನಡೆಸುತ್ತವೆ. ಅದರಲ್ಲಿ ಮೋಸವಿಲ್ಲ. ಆದರೆ ನಿಮ್ಮ ಮಗಳಿಗೆ ಪಾಠ ಹೇಳುವವರು ಆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ ಆಗಿರಬೇಕೆಂದಿಲ್ಲ. ವಿಶ್ವವಿದ್ಯಾಲಯವೇ ನಡೆಸುವ ಶುಲ್ಕದ ಶಿಬಿರಗಳಲ್ಲೂ, ಇಲ್ಲಿಗೆ ಬಂದ ಮಾತ್ರಕ್ಕೆ ಮುಂದೆ ಸೀಟು ಸಿಗುತ್ತದೆ ಎಂದು ಯಾರೂ ಭರವಸೆ ಕೊಡುವುದಿಲ್ಲ.

ನಿಜವಾಗಿ ಆರಿಸಿಕೊಳ್ಳುವ ಶಿಬಿರ ಹೇಗಿರುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಉದಾಹರಣೆಯಿದೆ. 1984ರಲ್ಲಿ ಶುರುವಾಗಿ ಈಗ ಎಂಐಟಿ ಎಂಬ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಆರು ವಾರಗಳದ್ದು. ಪಾಠಕ್ಕೆ, ಊಟ ವಸತಿಗೆ ಹಣ ತೆಗೆದುಕೊಳ್ಳುವುದಿಲ್ಲ. ನೂರರ ಆಸುಪಾಸಿನಷ್ಟು ಮಕ್ಕಳಿಗೆ ಮಾತ್ರ ಜಾಗ. ಅಂಥ ಕಡೆ ಅರ್ಜಿ ತುಂಬುವುದೇ ವಾರಗಟ್ಟಲೆ ಕೆಲಸ. ನಾನು ಇಷ್ಟು ವರ್ಷಗಳಲ್ಲಿ ಕಂಡಂತೆ, ಮಗುವನ್ನು ಗಟ್ಟಿಯಾಗಿ ಜರಡಿ ಹಿಡಿಯುವ ಕಡೆ ಹಣದ ಮಾತು ಕಡಿಮೆ. ಹಣದ ಮಾತು ಮೊದಲು ಬರುವ ಕಡೆ ಜರಡಿಯೇ ಇರುವುದಿಲ್ಲ.

ಶುಲ್ಕದ ಶಿಬಿರವೆಲ್ಲ ದಂಡ ಎಂದು ನಾನು ಹೇಳುವುದಿಲ್ಲ. ನನ್ನ ಅಣ್ಣನ ಮಗ ಹಿಂದೆ ಒಂದಕ್ಕೆ ಹೋಗಿದ್ದ. ಪ್ರಮಾಣಪತ್ರ ಎಲ್ಲಿದೆಯೋ ಅವನಿಗೇ ಗೊತ್ತಿಲ್ಲ. ಕೋಣೆಯಲ್ಲಿ ಜೊತೆಗಿದ್ದ ಹುಡುಗ ಮಾತ್ರ ಇವತ್ತಿಗೂ ಗೆಳೆಯ. ಅಷ್ಟು ಖರ್ಚು ಅಣ್ಣನ ಮನೆಗೆ ಭಾರವಾಗಲಿಲ್ಲ, ಹಾಗಾಗಿ ಯಾರೂ ಲೆಕ್ಕ ಕೇಳಲಿಲ್ಲ. ನಿಮ್ಮ ಮನೆಯ ಮಾತು ಬೇರೆ. ಆರು ಲಕ್ಷದಲ್ಲಿ ಮೈಸೂರಿನ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ, ಹಾಸ್ಟೆಲ್ ವಾಸ, ಮುಂದೆ ಎಂಎಸ್ಸಿಯ ಬಹುಪಾಲು ನಡೆದುಹೋಗುತ್ತದೆ. ವೀಸಾ ಸಿಗದಿದ್ದರೆ ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ಕಟ್ಟಿದ ಮುಂಗಡವೂ ಬರುವುದಿಲ್ಲ ಎಂದು ಆ ಮೇಲ್‌ನಲ್ಲೇ ಬರೆದಿದೆ. ಇನ್ನು ಜುಲೈ ಎಂದರೆ ಎರಡನೇ ಪಿಯುಸಿಯ ಪಾಠಗಳು ಭರದಿಂದ ಸಾಗುವ ಹೊತ್ತು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಬಿರದ ವಿಷಯವಲ್ಲ. ಎರಡನೇ ಪುಟದ ಕೊನೆಗೆ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಎಂಬಂತೆ ಬರೆದಿದ್ದೀರಿ: ತೋಟದ ತೆಂಗಿಗೆ ಕಪ್ಪು ತಲೆ ಹುಳು ಬಿದ್ದಾಗಿನಿಂದ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಯಾವ ಮರದ ಎಷ್ಟು ಗರಿ ಒಣಗಿತು ಎಂದು ಬರೆದಿಡುತ್ತಿದ್ದಾಳೆ, ಬಿದ್ದ ಗರಿಯನ್ನು ತಿರುವಿ ಹುಳು ಎಣಿಸುತ್ತಾಳೆ ಎಂದು. ಮೇಷ್ಟ್ರೇ, ಸಂಶೋಧನೆ ಶುರುವಾಗುವುದೇ ಹೀಗೆ. ಆ ಹುಳು ಗರಿಯ ಅಡಿಭಾಗದಲ್ಲಿ ನೂಲು, ಹಿಕ್ಕೆ ಸೇರಿಸಿ ಸುರಂಗ ಕಟ್ಟಿಕೊಂಡು ಒಳಗಿನಿಂದ ಹಸಿರನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟ ಬೆಂಕಿ ಬಿದ್ದಂತೆ ಕಾಣುವುದು ಅದಕ್ಕೇ. ಅದರ ಮೇಲೆ ಬಿಡುವ ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕಣಜ, ಹುಳುವನ್ನು ಕುಟುಕಿ ಅಲುಗಾಡದಂತೆ ಮಾಡಿ ಅದರ ಮೈಮೇಲೆಯೇ ಮೊಟ್ಟೆಯಿಡುತ್ತದೆ. ಮರಿಗಳು ಆ ಹುಳುವನ್ನೇ ತಿಂದು ಬೆಳೆಯುತ್ತವೆ. ಪ್ರಯೋಗಾಲಯದಲ್ಲಿ ಈ ಕಣಜವನ್ನು ಅಕ್ಕಿ ಪತಂಗದ ಹುಳುಗಳ ಮೇಲೆ ಸಾಕುತ್ತಾರೆ. ಕಣಜ ಬಿಟ್ಟ ಮರಗಳಲ್ಲೂ ಬಿಡದ ಮರಗಳಲ್ಲೂ ಹುಳು ಎಷ್ಟಿವೆ ಎಂದು ಅವಳು ಹದಿನೈದು ದಿನಕ್ಕೊಮ್ಮೆ ಎಣಿಸಲಿ. ನಿಮ್ಮ ಪಕ್ಕದ ಕೋನೇಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಈ ರಜೆಯಲ್ಲಿ ನೋಟ್‌ಬುಕ್ಕಿನ ಸಮೇತ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಮಾತು ಅವಳೇ ಆಡಲಿ, ನೀವು ಹೊರಗೆ ಕೂತಿರಿ.

ಅವಳು ಬಿಎಸ್ಸಿಗೆ ಬಂದ ಮೇಲೆ ದಾರಿ ಇನ್ನೂ ಅಗಲವಾಗುತ್ತದೆ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ವಿಜ್ಞಾನಿಯ ಕೈಕೆಳಗೆ ಕೆಲಸ, ಹಣ ಕೊಡುವವರು ಅವರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದ್ದೇ ಇದೆ. ಎಂಟನೆಯ ತರಗತಿಯ ಮಗನ ಬಗ್ಗೆಯೂ ಬರೆದಿದ್ದೀರಿ. ಅವನು ಒಂಬತ್ತಕ್ಕೆ ಬಂದಾಗ ಇಸ್ರೋದ ಯುವಿಕಾಗೆ ಅರ್ಜಿ ಹಾಕಿಸಿ. 2019ರಲ್ಲಿ ಆರಂಭವಾದ ಎರಡು ವಾರದ ಶಿಬಿರ, ಪ್ರಯಾಣದ ಖರ್ಚೂ ಇಸ್ರೋದ್ದೇ. ಹಳ್ಳಿ ಶಾಲೆಯ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚಿನ ಅಂಕವಿದೆ.

ಉಳಿದದ್ದು ಮಗಳಿಗೆ ಹೇಗೆ ಹೇಳುವುದು ಎಂಬುದು. ಸುತ್ತಿ ಬಳಸಿ ಹೇಳಬೇಡಿ, ವೀಸಾ ಸಿಗಲಿಲ್ಲ ಎಂಬ ಸುಳ್ಳಂತೂ ಬೇಡ. ಮೇಲ್ ಅವಳ ಮುಂದಿಟ್ಟು ಇಬ್ಬರೂ ಕೂತು ಓದಿ. ಪಾಠ ಮಾಡುವವರು ಯಾರು, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಎಷ್ಟು ಜನರ ಅರ್ಜಿ ಬಂದಿತ್ತು, ಎಷ್ಟು ಜನರನ್ನು ಬೇಡ ಎಂದಿರಿ ಎಂದು ಅವಳ ಕೈಯಲ್ಲೇ ಪತ್ರ ಬರೆಸಿ. ಬರುವ ಉತ್ತರವನ್ನು ಅವಳೇ ಓದಲಿ. ಹದಿನೇಳರ ಹುಡುಗಿಗೆ ಅದು ಅರ್ಥವಾಗುತ್ತದೆ. ಮನೆಯ ಲೆಕ್ಕವನ್ನೂ ತೋರಿಸಿ, ಅಮ್ಮನ ಬಳೆಯ ವಿಷಯವನ್ನೂ ಮುಚ್ಚಿಡಬೇಡಿ. ಒಂದೆರಡು ದಿನ ಮಂಕಾಗಿರುತ್ತಾಳೆ, ಇರಲಿ ಬಿಡಿ. ಊರಿನವರು ಕೇಳಿದರೆ ಹೋಗುತ್ತಿಲ್ಲ ಎಂದರೆ ಸಾಕು.

ಆ ನೋಟ್‌ಬುಕ್ಕಿನ ನಾಲ್ಕು ಪುಟದ ಫೋಟೊ ನನಗೆ ಕಳಿಸಿಕೊಡಿ. ಮರಗಳಿಗೆ ಅವಳು ಅಂಕೆ ಹಾಕಿದ್ದಾಳೋ, ಹೆಸರಿಟ್ಟಿದ್ದಾಳೋ ನೋಡಬೇಕು. ಒಪ್ಪಿದರೆ ಜೂನ್ ಸಂಚಿಕೆಯ ವಿದ್ಯಾರ್ಥಿ ಪುಟದಲ್ಲಿ ಅವಳ ಬರಹಕ್ಕೆ ಜಾಗ ಕಾದಿರಿಸಿರುತ್ತೇನೆ.

ಸಂಪಾದಕ