ಜನಜಂಗುಳಿಯಿಲ್ಲದ ಗ್ರೀಕ್ ದ್ವೀಪ ಬೇಕೆಂದರೆ ಕಾರ್ಪಥೋಸ್‌ಗೆ ಹೋಗಿ

ಸ್ಯಾಂಟೊರಿನಿ, ಮಿಕೊನೋಸ್‌ಗಳ ನೂಕುನುಗ್ಗಲು ಬೇಡ, ಹಳೆಯ ಬದುಕು ಉಳಿದಿರುವ ದ್ವೀಪ ಯಾವುದು, ಸಸ್ಯಾಹಾರಿಗೆ ಊಟ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಹೇಳುವುದು ಕಾರ್ಪಥೋಸ್. ಕ್ರೀಟ್ ಮತ್ತು ರೋಡ್ಸ್ ನಡುವಿನ ಉದ್ದನೆಯ ಗುಡ್ಡಗಾಡು ದ್ವೀಪ ಅದು. ಅದರಲ್ಲೂ ಉತ್ತರ ಭಾಗದಲ್ಲಿ, ಬೆಟ್ಟದ ನೆತ್ತಿಗೆ ಅಂಟಿಕೊಂಡಿರುವ ಓಲಿಂಪೋಸ್ ಹಳ್ಳಿ. (ದೇವತೆಗಳ ಒಲಿಂಪಸ್ ಪರ್ವತ ಬೇರೆ.)

ಆದರೆ ದಯವಿಟ್ಟು ಹಗಲಿಗಷ್ಟೇ ಹೋಗಿ ಬರಬೇಡಿ, ರಾತ್ರಿ ಅಲ್ಲೇ ತಂಗಿ. ದ್ವೀಪದ ಮುಖ್ಯ ಪಟ್ಟಣ ಪಿಗಾಡಿಯಾದಿಂದ ಪ್ರವಾಸಿಗರ ದೋಣಿಗಳು ದಿಯಾಫಾನಿ ಬಂದರಿಗೆ ಬರುತ್ತವೆ, ಅಲ್ಲಿಂದ ಬಸ್ಸುಗಳು ಜನರನ್ನು ಮೇಲಕ್ಕೆ ತರುತ್ತವೆ. ಮಧ್ಯಾಹ್ನದ ಆ ಕೆಲವು ಗಂಟೆ ಓಣಿಗಳೆಲ್ಲ ಅಂಗಡಿ ಸಾಲು. ಸಂಜೆ ಅವರು ಇಳಿದುಹೋದ ಮೇಲೆ ಊರು ತನ್ನ ಕೆಲಸಕ್ಕೆ ಮರಳುತ್ತದೆ. ಹೂವಿನ ಚಿತ್ತಾರದ ತಲೆವಸ್ತ್ರ ಕಟ್ಟಿ, ಉದ್ದನೆಯ ಚರ್ಮದ ಬೂಟು ತೊಟ್ಟ ವಯಸ್ಸಾದ ಹೆಂಗಸರಿಗೆ ಅದೇ ನಿತ್ಯದ ಉಡುಪು. ಓಣಿಯ ಬದಿಯ ಒಲೆಗೂಡಿನಲ್ಲಿ ಕಟ್ಟಿಗೆ ಉರಿಸಿ, ಕೆಂಡ ಎಳೆದು, ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಉದ್ದ ಹಿಡಿಯ ಮರದ ಹಲಗೆಯಿಂದ ಬ್ರೆಡ್ಡನ್ನು ಒಳಗೆ ಜಾರಿಸುವುದನ್ನು ನಿಂತು ನೋಡಿ. ಫೋಟೊ ತೆಗೆಯುವ ಮುನ್ನ ಮಾತ್ರ ಕೇಳಿಯೇ ಕೇಳಿ.

ಊಟಕ್ಕೆ ಚಿಂತೆಯಿಲ್ಲ. ಮಕರೂನೆಸ್ ಎಂಬುದು ಕೈಯಲ್ಲೇ ಮಾಡಿದ ಪಾಸ್ತಾ. ಮೇಲೆ ಕಂದುಬಣ್ಣ ಬರುವಂತೆ ಹುರಿದ ಈರುಳ್ಳಿ, ತುರಿದ ಚೀಸ್. ನನಗಂತೂ ಅದರಷ್ಟು ರುಚಿ ಆ ದೇಶದಲ್ಲಿ ಬೇರೆಲ್ಲೂ ಸಿಗಲಿಲ್ಲ. ಆಗಸ್ಟ್ 1ರಿಂದ 14ರವರೆಗೆ ಅಲ್ಲಿನ ಕ್ರೈಸ್ತರ ಉಪವಾಸ. ನಿಷ್ಠೆಯಿಂದ ಆಚರಿಸುವವರು ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಈ ವ್ರತದ ಅಡುಗೆಗೆ ನಿಸ್ತೀಸಿಮಾ ಎನ್ನುತ್ತಾರೆ, ಹೋಟೆಲಿನಲ್ಲಿ ಆ ಹೆಸರು ಹೇಳಿ ಕೇಳಬಹುದು. ಆದರೆ ಸೀಗಡಿ, ಆಕ್ಟೋಪಸ್‌ಗೆ ಅದರಲ್ಲಿ ನಿಷೇಧವಿಲ್ಲ, ಎಚ್ಚರವಿರಲಿ.

ಆಗಸ್ಟ್ 15 ಮೇರಿ ಮಾತೆಯ ಹಬ್ಬ. ವಲಸೆ ಹೋದವರೆಲ್ಲ ಊರಿಗೆ ಬರುತ್ತಾರೆ. ಲೀರಾ, ಲೌಟೊ ಎಂಬ ತಂತಿವಾದ್ಯಗಳು, ಮೇಕೆ ಚರ್ಮದ ಚೀಲಕ್ಕೆ ಗಾಳಿ ತುಂಬಿ ನುಡಿಸುವ ತ್ಸಂಬೂನಾ, ಇವುಗಳ ಜೊತೆ ಗಂಡಸರು ಸ್ಥಳದಲ್ಲೇ ದ್ವಿಪದಿ ಕಟ್ಟಿ ಹಾಡುತ್ತಾರೆ, ತಡರಾತ್ರಿಯವರೆಗೂ ನಿಧಾನದ ಕುಣಿತ. ಅಂದು ಜನ ಸೇರುತ್ತಾರೆ ನಿಜ, ಆದರೆ ಅದು ಊರವರ ಜಾತ್ರೆ. ಆ ಗದ್ದಲವನ್ನು ತಪ್ಪಿಸಿಕೊಳ್ಳಬಾರದೆಂದೇ ನನ್ನ ಅಭಿಪ್ರಾಯ. ಕೋಣೆಯನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಶಾಂತಿಯೇ ಮುಖ್ಯವಾದರೆ ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಅಥೆನ್ಸ್‌ನಿಂದ ವಿಮಾನದಲ್ಲೇ ಹೋಗಿ. ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ಹಡಗಿನ ಪ್ರಯಾಣ ಬಹಳ ದೀರ್ಘ. ವಿಮಾನ ನಿಲ್ದಾಣ ದಕ್ಷಿಣ ತುದಿಯಲ್ಲಿದೆ. ಬೇಸಿಗೆಯಲ್ಲಿ ಮೆಲ್ತೆಮಿ ಎಂಬ ಬಿರುಗಾಳಿ ಎದ್ದರೆ ದೋಣಿ ನಿಂತುಬಿಡಬಹುದು, ಹಾಗಾಗಿ ಹಿಂತಿರುಗುವ ಹಿಂದಿನ ದಿನವೇ ರಸ್ತೆಯಲ್ಲಿ ಪಿಗಾಡಿಯಾ ಸೇರಿಕೊಳ್ಳಿ.