ಪೇಷಂಟ್‌ಗಳು ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಹೋಗ್ತಾರೆ, ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಏನೇನು ಕೇಳಬೇಕು?

ಮೈಸೂರಿನ ನಿಮ್ಮ ವ್ಯಸನಮುಕ್ತಿ ಕೇಂದ್ರದಿಂದ ಅರ್ಧಕ್ಕೇ ಎದ್ದುಹೋಗುವವರಿಗೆ ಬಿಡುವ ಮನಸ್ಸಿಲ್ಲ ಅಂತ ಬರೆದಿದ್ದೀರಿ. ಡಿಸ್ಚಾರ್ಜ್ ದಿನ ಹೆಸರು ಬರೆಸದೆ ಫಾರ್ಮ್ ತುಂಬಿಸಿ ಡಬ್ಬಿಗೆ ಹಾಕಿಸೋಣ ಅಂದಿದ್ದೀರಿ. ಓದಿ ಎದೆ ಝಲ್ಲೆಂದಿತು. ಅಂಥದ್ದೇ ಒಂದು ಡಬ್ಬಿಯನ್ನು ಮಂಡ್ಯದಲ್ಲಿ ನಾನೇ ನಿಂತು ಗೋಡೆಗೆ ಹೊಡೆಸಿದ್ದೆ. ಬಿಳಿ ಬಣ್ಣ ಬಳಿದ ತಗಡಿನ ಡಬ್ಬಿ, ಸಣ್ಣ ಬೀಗ. ಬೀಗದ ಕೈ ನನ್ನ ಮೇಜಿನ ಡ್ರಾದಲ್ಲೇ ಇರುತ್ತಿತ್ತು.

ನಾನು ಕೌನ್ಸೆಲರ್. ಮಂಡ್ಯದ್ದು 18 ಹಾಸಿಗೆಯ ಸಣ್ಣ ವ್ಯಸನಮುಕ್ತಿ ಕೇಂದ್ರ, 30 ದಿನದ ಚಿಕಿತ್ಸೆ. ಬರುತ್ತಿದ್ದವರಲ್ಲಿ ಕುಡಿತದವರೇ ಜಾಸ್ತಿ. ಗದ್ದೆ ಕೆಲಸದವರು, ಆಲೆಮನೆಯವರು, ಲಾರಿ ಡ್ರೈವರ್‌ಗಳು, ಅಲ್ಲೊಬ್ಬ ಇಲ್ಲೊಬ್ಬ ಮೇಷ್ಟ್ರು. ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಒಬ್ಬೊಬ್ಬರೇ ಬ್ಯಾಗ್ ಕಟ್ಟೋರು. ‘ಬಿಡುವ ಮನಸ್ಸಿಲ್ಲ’ ಅಂತ ನಾವು ರಿಜಿಸ್ಟರ್‌ನಲ್ಲಿ ಬರೆದು ಸುಮ್ಮನಾಗುತ್ತಿದ್ದೆವು. ನಿಮ್ಮ ಪ್ರಶ್ನೆಯಲ್ಲೂ ಅದೇ ಮಾತಿದೆ. ಈಗ ನಾನದನ್ನು ಒಪ್ಪುವುದಿಲ್ಲ.

ಮೊದಲು ನಾವೂ ಡಿಸ್ಚಾರ್ಜ್ ದಿನವೇ ಫಾರ್ಮ್ ಕೊಡುತ್ತಿದ್ದೆವು. ಎಲ್ಲದರಲ್ಲೂ ‘ಚೆನ್ನಾಗಿದೆ’. 30 ದಿನ ಮುಗಿಸಿದ ಮನುಷ್ಯ, ಪಕ್ಕದಲ್ಲಿ ಬ್ಯಾಗ್ ಹಿಡಿದು ನಿಂತ ಹೆಂಡತಿ, ಹೊರಗೆ ಆಟೋ. ಆಗ ಯಾರು ತಾನೇ ಕೊರತೆ ಹೇಳ್ತಾರೆ? ಒಂಬತ್ತನೇ ದಿನಕ್ಕೆ ಎದ್ದುಹೋದವನ ಕೈಗೆ ಆ ಫಾರ್ಮ್ ಸಿಗುವುದೇ ಇಲ್ಲ. ನಮಗೆ ಬೇಕಾದದ್ದು ಅವನ ಮಾತೇ ಅಲ್ವಾ?

ಇದು ತಿಳಿದ ಮೇಲೆ ವಾರಕ್ಕೊಂದು ಚೀಟಿ ಶುರು ಮಾಡಿದೆ. ಪ್ರತಿ ಶನಿವಾರ ಎಲ್ಲರೂ ಬರೆದು ಡಬ್ಬಿಗೆ ಹಾಕಬೇಕು. ಅಲ್ಲಿಯವರೆಗೆ ಸರಿಯೇ. ಆದರೆ ಡಬ್ಬಿ ತೆಗೆಯುತ್ತಿದ್ದದ್ದು ತಿಂಗಳ ಕೊನೆಗೆ, ಆಡಳಿತದವರ ಮೀಟಿಂಗ್‌ಗೆ ವರದಿ ಬೇಕಾದಾಗ ಮಾತ್ರ. ನನ್ನ ತಪ್ಪು ಇದೇ.

ಒಬ್ಬರು ಆಲೆಮನೆ ಕೆಲಸದವರು. ನಲವತ್ತರ ಆಸುಪಾಸು, ಅಂಗೈ ತುಂಬ ಸುಟ್ಟ ಕಲೆ. ಸೋಮವಾರ ಸೇರಿದರು. ಮೊದಲ ಮೂರು ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. ಮಾತ್ರೆಯಿಂದ ಸುಧಾರಿಸಿದರು. ಶುಕ್ರವಾರ, ಒಟ್ಟಿಗೆ ಕೂತು ತಮ್ಮ ತಮ್ಮ ಕುಡಿತದ ಕಥೆ ಹೇಳಿಕೊಳ್ಳುವ ಗುಂಪಿನಲ್ಲಿ ಕೂರಿಸಿದೆ. ಒಂದು ಮಾತೂ ಆಡಲಿಲ್ಲ. ‘ಹೊಸಬರು, ನಾಚಿಕೆ’ ಅಂದುಕೊಂಡೆ. ಶನಿವಾರ ಚೀಟಿ ಹಾಕಿದರು. ಮಂಗಳವಾರ ಬೆಳಿಗ್ಗೆ ತಿಂಡಿ ತಿಂದು, ತಟ್ಟೆ ತೊಳೆದಿಟ್ಟು, ‘ಹೋಗ್ತೀನಿ’ ಅಂದರು. ಯಾಕಣ್ಣ ಅಂತ ಕೇಳಿದ್ದಕ್ಕೆ ‘ಮನೇಲಿ ಕೆಲ್ಸ ಅದೆ’ ಅಂದರು ಅಷ್ಟೇ.

ತಿಂಗಳ ಕೊನೆಗೆ ಡಬ್ಬಿ ತೆಗೆದೆ. ಮಗ್ಗಿ ಪುಸ್ತಕದ ಹಾಳೆಯಷ್ಟು ಸಣ್ಣ ಚೀಟಿ, ನಾಲ್ಕು ಮಡಿಕೆ. ಪೆನ್ನು ಒತ್ತಿ ಬರೆದು ಹಾಳೆ ಹಿಂದಕ್ಕೆ ಉಬ್ಬಿತ್ತು. ‘ಗುಂಪಲ್ಲಿ ನಮ್ಮೂರೋರು ಅವ್ರೆ.’

ಆ ತಿಂಗಳು ಒಂದೇ ಊರಿನವರು ಅಂತ ಇದ್ದದ್ದು ಇಬ್ಬರೇ, ಅವರಲ್ಲಿ ಎದ್ದುಹೋದವರು ಇವರು. ಹಾಗಾಗಿ ಯಾರ ಚೀಟಿ ಅಂತ ತಕ್ಷಣ ಗೊತ್ತಾಯಿತು.

ನಮ್ಮಲ್ಲಿ ಎರಡು ಗುಂಪು ನಡೆಯುತ್ತಿತ್ತು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅವರನ್ನು ಮಧ್ಯಾಹ್ನದ್ದಕ್ಕೆ ಹಾಕಿದ್ದರೆ ಆಗಿಹೋಗುತ್ತಿತ್ತು. ಹಣ ಬೇಡ, ಡಾಕ್ಟರ್ ಒಪ್ಪಿಗೆಯೂ ಬೇಡ, ರಿಜಿಸ್ಟರ್‌ನಲ್ಲಿ ಒಂದು ಸಾಲು ಬದಲಿಸಬೇಕಿತ್ತು. ಶನಿವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಿಗ್ಗೆವರೆಗೆ ಆ ಚೀಟಿ ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಯಾಕೆ ತೆಗೆಯಲಿಲ್ಲ? ಎಷ್ಟೋ ಸಲ ಯೋಚಿಸಿದ್ದೇನೆ. ಹೆಸರಿಲ್ಲದ ಚೀಟಿ ಅಂದರೆ ಮರ್ಯಾದೆ ಕಾಪಾಡಿದ ಹಾಗೆ ಅಂತ ನಂಬಿದ್ದೆ. ಒಟ್ಟಿಗೆ ಎಣಿಸಿದರೆ ವರದಿ ಅಚ್ಚುಕಟ್ಟಾಗಿ ಬರುತ್ತೆ ಅನ್ನೋದೂ ಇತ್ತು. ಎಲ್ಲಕ್ಕಿಂತ ಜಾಸ್ತಿಯಾಗಿ, ಯಾರು ಹೋಗ್ತಾರೆ ಅಂತ ಮುಖ ನೋಡಿಯೇ ಹೇಳಬಲ್ಲೆ ಅನ್ನೋ ಧೈರ್ಯ ಇತ್ತು. ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕಲ್ ಲ್ಯಾಂಬರ್ಟ್ ಅವರ ತಂಡ ಪ್ರಕಟಿಸಿದ್ದು. 550 ಜನರಲ್ಲಿ ಯಾರ ಸ್ಥಿತಿ ಹದಗೆಡುತ್ತೆ ಅಂತ ಅವರ ಥೆರಪಿಸ್ಟ್‌ಗಳನ್ನೇ ಕೇಳಿದರು. ಅವರು ಹೇಳಿದ್ದು ಬರೀ 3 ಜನರನ್ನು. ಹದಗೆಟ್ಟವರು 40. ಓದಿದಾಗ ಆ ಸುಟ್ಟ ಕಲೆಯ ಅಂಗೈ ಕಣ್ಣಮುಂದೆ ಬಂತು.

ಒಂದೂವರೆ ವರ್ಷದ ಮೇಲೆ ಅವರು ತಿರುಗಿ ಬಂದರು. ಹೊಟ್ಟೆ ಊದಿತ್ತು, ಕಣ್ಣು ಹಳದಿ. ಹೆಂಡತಿ ತೋಳು ಹಿಡಿದು ನಡೆಸಿಕೊಂಡು ಬಂದಿದ್ದರು. ‘ಅವತ್ತೇ ಹೇಳಬಾರದಿತ್ತಾ ಅಣ್ಣ’ ಅಂದೆ. ಆ ಗುಂಪಿನಲ್ಲಿದ್ದವರು ಅವರ ಮಗಳನ್ನು ಕೊಡಬೇಕು ಅಂತಿದ್ದ ಮನೆಯ ಕಡೆಯವರಂತೆ. ಕುಡಿದು ಏನೇನು ಮಾಡಿದೆ ಅಂತ ಅವರೆದುರು ಹೇಗೆ ಹೇಳ್ತಾರೆ? ಆಮೇಲೆ ಅಂದರು, ‘ಬರ್ದ್ ಹಾಕಿದ್ನಲ್ಲ ಮೇಡಮ್ಮೋರೆ. ನೀವು ಓದ್ಬುಟ್ಟು ಸುಮ್ನಾದ್ರಿ ಅನ್ಕಂಡೆ.’

ನಾನು ಓದಿಲ್ಲ ಅಂತ ಅವರಿಗೆ ಹೊಳೆದೇ ಇಲ್ಲ. ಓದಿ ಬೇಡ ಅಂದೆ ಅಂದುಕೊಂಡಿದ್ದರು.

ಅವತ್ತೇ ಡಬ್ಬಿ ಕೀಳಿಸಿದೆ. ಅವರನ್ನು ಗುಂಪಿಗೆ ಕೂರಿಸದೆ ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ಲಿವರ್ ನೋಡಿಸಲು ಡಾಕ್ಟರ್ ಮೈಸೂರಿಗೆ ಕಳಿಸಿದರು.

ಅದಕ್ಕೇ ನಿಮಗೆ ಹೇಳೋದು, ಯಾವ ಪ್ರಶ್ನೆ ಅನ್ನೋದು ಆಮೇಲೆ. ಚೀಟಿ ಕೊಟ್ಟವನ ಎದುರೇ ಕೂತು ಅದನ್ನು ಓದ್ತೀರಾ? ಓದಿ ಅವತ್ತೇ ಏನಾದರೂ ಬದಲಿಸ್ತೀರಾ? ಇಲ್ಲ ಅಂದರೆ ಫಾರ್ಮ್ ಬೇಡವೇ ಬೇಡ. ಹೆಸರಿಲ್ಲದ ಚೀಟಿಯಿಂದ ಕೇಂದ್ರಕ್ಕೆ ಉಪಯೋಗ ಆಗಬಹುದು, ಬರೆದವನಿಗೆ ಆಗಲ್ಲ. ಗುಟ್ಟು ಕಾಪಾಡಬೇಕು, ನಿಜ. ಅವನು ಹೇಳಿದ್ದು ಹೆಂಡತಿಗೋ ಅಣ್ಣನಿಗೋ ಹೋಗಬಾರದು. ಆದರೆ ಹೇಳಿದವನು ಯಾರು ಅಂತ ನಿಮಗೆ ಗೊತ್ತಿರಲೇಬೇಕು.

ನಾನು ಈಗ ಬಳಸೋದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಕಾಟ್ ಮಿಲ್ಲರ್, ಬ್ಯಾರಿ ಡಂಕನ್ ಮತ್ತು ಜೊತೆಗಾರರು ಮಾಡಿದ ಸೆಷನ್ ರೇಟಿಂಗ್ ಸ್ಕೇಲ್, ಅಂದರೆ ಇವತ್ತಿನ ಮಾತುಕತೆ ಹೇಗಿತ್ತು ಅಂತ ಕೊನೆಗೆ ಪೇಷಂಟೇ ಗುರುತು ಹಾಕುವ ಹಾಳೆ. ತಲಾ 10 ಸೆಂಟಿಮೀಟರಿನ ನಾಲ್ಕು ಗೆರೆ, ಅಷ್ಟೇ. ನನ್ನ ಮಾತು ಕೇಳಿಸಿಕೊಂಡರಾ, ನನಗೆ ಬೇಕಾದ ವಿಷಯ ಮಾತಾಡಿದೆವಾ, ಮಾತಾಡಿದ ರೀತಿ ನನಗೆ ಹೊಂದಿತಾ, ಒಟ್ಟಿನಲ್ಲಿ ಇವತ್ತು ಸರಿಹೋಯಿತಾ. ಗೆರೆ ಮೇಲೆ ಗುರುತು ಹಾಕಿದರೆ ಸಾಕು, ಓದು ಬಾರದವರಿಗೆ ನಾನೇ ಓದಿ ಹೇಳ್ತೀನಿ. ಸೆಂಟಿಮೀಟರಿಗೆ ಒಂದು ಅಂಕದಂತೆ ನಾಲ್ಕೂ ಗೆರೆ ಕೂಡಿ 40ಕ್ಕೆ 36ಕ್ಕಿಂತ ಕಡಿಮೆ ಬಂದರೆ ಅಲ್ಲೇ ಮಾತಾಡಬೇಕು. ಅಷ್ಟು ಮೇಲೆ ಯಾಕೆ ಅಂದರೆ ಜನ ಸುಮ್ನೆ ಜಾಸ್ತಿಯೇ ಹಾಕ್ತಾರೆ. ನಮ್ಮ ಕಡೆಯಂತೂ ಮೇಡಂಗೆ ಬೇಜಾರಾಗಬಾರದು ಅಂತ ಪೂರ್ತಿ 40 ಹಾಕಿಬಿಡ್ತಾರೆ. ಅದಕ್ಕೆ ಮೊದಲು ನನ್ನ ತಪ್ಪು ನಾನೇ ಹೇಳ್ತೀನಿ. ‘ಇವತ್ತು ನಾನೇ ಜಾಸ್ತಿ ಮಾತಾಡಿದೆ ಅನ್ನಿಸ್ತು ಅಣ್ಣ, ನಿಮಗೆ?’ ಆಮೇಲೆ ಬಾಯಿ ಬಿಡ್ತಾರೆ.

ಬಾಯಿ ಬಿಟ್ಟಾಗ ಬಂದದ್ದೇನು ಗೊತ್ತಾ? ನರ್ಸ್ ಮೇಜಿನ ಟ್ಯೂಬ್‌ಲೈಟ್ ಮುಖಕ್ಕೆ ಬಡಿದು ನಿದ್ದೆ ಬರಲ್ಲ. ಸಂಘದ ಕಂತಿಗೆ ಹೆಂಡತಿ ಏನು ಮಾಡಿದಳೋ ಗೊತ್ತಿಲ್ಲ, ಫೋನ್ ಭಾನುವಾರ ಮಾತ್ರ. ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ಆಗಬೇಕು. ನಾಟಿಗೆ ಅಂತ ಇಬ್ಬರನ್ನು ಎರಡು ದಿನ ಕಳಿಸಿದೆವು. ಒಬ್ಬರು ವಾಪಸ್ ಬಂದರು, ಒಬ್ಬರು ಬರಲಿಲ್ಲ. ಹಿಂದೆ ಆಗಿದ್ದರೆ ಇಬ್ಬರೂ ಬರುತ್ತಿರಲಿಲ್ಲ. ಮಧ್ಯದಲ್ಲಿ ಹೋಗುವವರು ಈಗಲೂ ಇದ್ದಾರೆ, ಮೊದಲಿನಷ್ಟು ಇಲ್ಲ.

ಒಂದು ಎಚ್ಚರಿಕೆ. ಕುಡಿತ ನಿಲ್ಲಿಸಿದ ಎರಡು ಮೂರನೇ ದಿನ ಹೊರಡ್ತೀನಿ ಅನ್ನುವವರಿಗೆ ಚೀಟಿ ಕೊಡಬೇಡಿ, ಡಾಕ್ಟರನ್ನು ಕರೆಯಿರಿ. ನಡುಕ, ಭ್ರಮೆ, ಫಿಟ್ಸ್ ಬರುವ ಹೊತ್ತು ಅದು, ಜೀವಕ್ಕೇ ಅಪಾಯ.

ಇನ್ನು ಫಾರ್ಮ್ ಅಚ್ಚು ಹಾಕಿಸುವ ಮೊದಲು ಒಂದು ಕೆಲಸ ಮಾಡಿ. ಈ ಮೂರು ತಿಂಗಳಲ್ಲಿ ನಿಮ್ಮ ಮೈಸೂರಿನ ಕೇಂದ್ರದಿಂದ ಎದ್ದುಹೋದವರ ನಂಬರ್ ರಿಜಿಸ್ಟರ್‌ನಲ್ಲಿ ಇರುತ್ತಲ್ಲ, ಅವರಿಗೆ ಫೋನ್ ಮಾಡಿ. ವಾಪಸ್ ಬನ್ನಿ ಅನ್ನೋದಕ್ಕಲ್ಲ. ‘ನಾವೇನು ಮಾಡಿದ್ದರೆ ಇನ್ನೆರಡು ದಿನ ಇರ್ತಿದ್ರಿ?’ ಅಂತ ಕೇಳಿ. ಅವರು ಹೇಳೋದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಸಂಜೆ ಮಾಡಬೇಡಿ, ಬೆಳಿಗ್ಗೆ ಮಾಡಿ.